ಫ್ರಾನ್ಸ್‌ನಲ್ಲಿ ಭಾನುವಾರದ ಸುತ್ತಾಟ: ಮೊದಲು ವಾಪಸ್ ಬಸ್ ಹುಡುಕಿ

ಪ್ರತಿ ಸೆಪ್ಟೆಂಬರಿನಲ್ಲಿ ಲಿಯೊನ್‌ಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಯಾರಾದರೊಬ್ಬರು ಅಕ್ಟೋಬರ್ ಮುಗಿಯುವುದರೊಳಗೆ ಯಾವುದೋ ಹಳ್ಳಿಯ ಬಸ್ ಸ್ಟಾಪಿನಿಂದ ಫೋನ್ ಮಾಡುತ್ತಾರೆ. ‘ಅಕ್ಕಾ, ಒಂದು ಗಂಟೆಯಿಂದ ಕಾಯ್ತಾ ಇದೀವಿ, ಬಸ್ಸೇ ಬರ್ತಿಲ್ಲ.’ ವಿಚಾರಿಸಿದರೆ ಆ ದಿನ ಆ ಬಸ್ಸೇ ಇರುವುದಿಲ್ಲ. ವಾರಪೂರ್ತಿ ಓದಿ ದಣಿದವರಿಗೆ ಒಂದು ದಿನದ ತಿರುಗಾಟ ಬೇಕೇ ಬೇಕು. ಅದು ಹೀಗೆ ಹಾಳಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

1. ಊರು ಆರಿಸಿ

ಮೊದಲ ಎರಡು ತಿಂಗಳು ರೈಲು ನಿಲ್ದಾಣದಿಂದ ನಡೆದೇ ನೋಡಬಹುದಾದ ಊರಿಗೆ ಮಾತ್ರ ಹೋಗಿ. ಲಿಯೊನ್‌ನಿಂದ ವಿಯೆನ್‌ಗೆ ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ರೋಮನ್ನರ ಕಾಲದ ದೇವಾಲಯ ಊರ ನಡುವೆಯೇ ನಿಂತಿದೆ. ಆನ್‌ಸಿಗೆ ಎರಡು ಗಂಟೆ. ಹಳೇ ಪೇಟೆ, ಸರೋವರ ಎರಡೂ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. ಶನಿವಾರ ಬಿಡುವಿದ್ದರೆ ಭಾನುವಾರದ ತಂಟೆಗೇ ಹೋಗಬೇಡಿ. ಪ್ಯಾರಿಸ್ ಒಂದು ದಿನದ ಊರಲ್ಲ, ಅದಕ್ಕೆ ಎರಡು ರಾತ್ರಿಯಾದರೂ ಇಟ್ಟುಕೊಳ್ಳಿ.

2. ಟಿಕೆಟ್

ದಿನ ಹತ್ತಿರವಾದಷ್ಟೂ ಟಿಜಿವಿ ಎಂಬ ಅತಿವೇಗದ ರೈಲಿನ ದರ ಏರುತ್ತದೆ, ಬೇಗ ಕೊಳ್ಳಿ. ಟಿಇಆರ್‌ಗೆ ಆ ಅವಸರವಿಲ್ಲ. 27 ವರ್ಷದವರೆಗಿನವರು 49 ಯೂರೋ ಕೊಟ್ಟು ‘ಕಾರ್ತ್ ಅವಾಂತಾಜ್ ಜನ್’ ಎಂಬ ಯುವಜನರ ರಿಯಾಯಿತಿ ಕಾರ್ಡ್ ಮಾಡಿಸಿಕೊಂಡರೆ ‘ಟಿಜಿವಿ ಇನ್ವಿ’ ಎಂಬ ಮಾಮೂಲಿ ಟಿಜಿವಿಯಲ್ಲಿ ವರ್ಷವಿಡೀ ಶೇ 30 ರಿಯಾಯಿತಿ. ಅಗ್ಗದ ‘ವೀಗೊ’ ರೈಲಿಗೆ ಅದು ನಡೆಯುವುದಿಲ್ಲ.

3. ವಾಪಸ್ ದಾರಿ

ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಹಳ್ಳಿಯ ಸ್ಟಾಪಿನಲ್ಲಿ ಗಾಜಿನ ಹಿಂದೆ ಒಂದು ಹಾಳೆ ಅಂಟಿಸಿರುತ್ತಾರೆ. ಎಡಕ್ಕೆ ಊರುಗಳ ಹೆಸರು, ಬಲಕ್ಕೆ ಸಾಲುಸಾಲಾಗಿ ಗಂಟೆಗಳು. 17.42 ಅಂತ ಕಂಡ ಕೂಡಲೇ ನಮ್ಮವರು ನಿಶ್ಚಿಂತರಾಗುತ್ತಾರೆ. ಆದರೆ ಅದೇ ಸಾಲಿನ ನೆತ್ತಿಯ ಮೇಲೆ ಸಣ್ಣ ಅಕ್ಷರಗಳಿರುತ್ತವೆ. ಎಲ್, ಎಂ, ಎಂಇ, ಜೆ, ವಿ, ಎಸ್, ಡಿ ಎಂದರೆ ಸೋಮವಾರದಿಂದ ಭಾನುವಾರ. ಡಿ ಇಲ್ಲದಿದ್ದರೆ ಭಾನುವಾರ ಆ ಬಸ್ಸಿಲ್ಲ. ಪಕ್ಕದಲ್ಲೊಂದು ಪುಟ್ಟ ಅಂಕಿಯಿದ್ದರೆ ಬಗ್ಗಿ ಹಾಳೆಯ ಬುಡದಲ್ಲಿ ಅದರ ವಿವರಣೆ ಓದಿ. ‘ಪೆರಿಯೋದ್ ಸ್ಕೋಲೇರ್’ ಎಂದಿದ್ದರೆ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ. ಅಕ್ಟೋಬರ್ ಕೊನೆಯಲ್ಲಿ ಇಲ್ಲಿನ ಶಾಲೆಗಳಿಗೆ ಎರಡು ವಾರ ರಜೆ, ನಮ್ಮವರು ಸಿಕ್ಕಿಬೀಳುವುದು ಬಹುಪಾಲು ಆಗಲೇ. ‘ಸೋಫ್ ದಿಮಾಂಶ್ ಎ ಫೆತ್’ ಎಂದರೆ ಭಾನುವಾರ ಮತ್ತು ಸರ್ಕಾರಿ ರಜೆ ಬಿಟ್ಟು ಅಂತ. ‘ಸ್ಯುರ್ ರೆಸರ್ವಾಸಿಯೊಂ’ ಕಂಡರೆ ಇನ್ನೂ ಹುಷಾರು. ಮುಂಚೆಯೇ ಹೇಳಿ ಸೀಟು ಕಾದಿರಿಸದಿದ್ದರೆ ಆ ಗಾಡಿ ಹೊರಡುವುದೇ ಇಲ್ಲ.

ರೈಲಿನದ್ದೂ ಒಂದು ಗುಟ್ಟಿದೆ. ಆ್ಯಪ್‌ನಲ್ಲಿ ‘ಟಿಇಆರ್’ ಎಂದಿದ್ದರೂ ಪಕ್ಕದಲ್ಲಿ ‘ಓತೊಕಾರ್’ ಎಂದಿದ್ದರೆ ಬರುವುದು ಬಸ್ಸು. ಕಳೆದ ಚಳಿಗಾಲ ಒಂದು ಸಣ್ಣ ನಿಲ್ದಾಣದಲ್ಲಿ ಮೂವರು ಹೊಸಬರನ್ನು ನೋಡಿದೆ. ಟಿಕೆಟ್ ಕೈಯಲ್ಲಿ ಹಿಡಿದು ಪ್ಲಾಟ್‌ಫಾರಂ ಮೇಲೆ ಹಳಿಯನ್ನೇ ನೋಡುತ್ತ ನಿಂತಿದ್ದರು. ಅವರ ಬೆನ್ನ ಹಿಂದೆ, ನಿಲ್ದಾಣದ ಹೊರಗೆ, ಆ ಬಸ್ಸು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಕೂಗಿದ್ದಕ್ಕೆ ಓಡಿ ಬಂದು ಹತ್ತಿದರು.

ಆದ್ದರಿಂದ ಮನೆಯಲ್ಲೇ ಕೂತು, ಆ ದಿನದ ತಾರೀಖು ಹಾಕಿ, ಕೊನೆಯ ಎರಡು ಗಾಡಿಗಳನ್ನು ಬರೆದಿಟ್ಟುಕೊಳ್ಳಿ. ಹತ್ತಬೇಕಾದ್ದು ಕೊನೆಯದಕ್ಕಿಂತ ಮುಂಚಿನದು. ಕೊನೆಯದು ಆಪತ್ತಿಗೆ. ಮುಷ್ಕರ, ಅಂದರೆ ‘ಗ್ರೆವ್’, ಇದೆ ಎಂದು ಕೇಳಿಬಂದರೆ ಹಿಂದಿನ ಸಂಜೆ ಇನ್ನೊಮ್ಮೆ ನೋಡಿ. ಮೇ 1ರಂದು ಎಲ್ಲಿಗೂ ಹೊರಡಬೇಡಿ, ಹಲವು ಊರುಗಳಲ್ಲಿ ಟ್ರಾಮ್ ಕೂಡ ಓಡುವುದಿಲ್ಲ.

4. ಬುತ್ತಿ

ಕಟ್ಟಿಕೊಂಡೇ ಹೋಗಿ. ಹಳ್ಳಿಯ ಹೋಟೆಲುಗಳಲ್ಲಿ ಎರಡು ಗಂಟೆಯ ನಂತರ ಊಟ ಸಿಗುವುದು ಕಷ್ಟ, ಭಾನುವಾರ ಮಧ್ಯಾಹ್ನಕ್ಕೆ ಬಹಳಷ್ಟು ಸೂಪರ್‌ಮಾರ್ಕೆಟ್‌ಗಳೂ ಬಾಗಿಲು ಹಾಕುತ್ತವೆ. ಸಸ್ಯಾಹಾರಿಗಳು ಸಲಾಡ್ ನಂಬಬೇಡಿ. ‘ಲಾರ್ದೊಂ’ ಎಂದು ಹಂದಿಮಾಂಸದ ಸಣ್ಣ ತುಣುಕುಗಳನ್ನು ಹಾಕಿರುತ್ತಾರೆ. ನನ್ನ ಪ್ರಕಾರ ಮೊಸರನ್ನಕ್ಕೆ ಮಿಗಿಲಾದ ಬುತ್ತಿಯಿಲ್ಲ, ಇಲ್ಲಿನ ಮೊಸರು ಬೇಗ ಹುಳಿಯಾಗುವುದಿಲ್ಲ. ಚೀಲದೊಳಗೇ ಕುದಿಸುವ ಅಕ್ಕಿ ಮಾತ್ರ ತರಬೇಡಿ, ಎಷ್ಟು ಬೇಯಿಸಿದರೂ ಬಿಡಿಬಿಡಿಯಾಗಿ ಉಳಿಯುತ್ತದೆ, ಮೊಸರಿಗೆ ಹೊಂದುವುದೇ ಇಲ್ಲ.

5. ಕಾಗದ ಪತ್ರ

26 ತುಂಬದ, ದೀರ್ಘಾವಧಿ ವೀಸಾ ಇರುವ ವಿದ್ಯಾರ್ಥಿಗೆ ಲೂವ್ರ್, ಷಾಂಬೋರ್ ಅರಮನೆ, ಮೊಂ ಸೆಂ ಮಿಷೆಲ್ ಮಠದಂಥ ಕಡೆ ಪ್ರವೇಶ ಉಚಿತ. ನಾವು ಯುರೋಪಿನವರಲ್ಲ ಎಂದುಕೊಂಡು ದುಡ್ಡು ಕೊಟ್ಟು ಒಳಗೆ ಹೋದವರು ಎಷ್ಟೋ ಜನ. ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ವಾಸ. ವೀಸಾ ಇರುವ ಪಾಸ್‌ಪೋರ್ಟ್ ಅಥವಾ ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಖಾಸಗಿಯವರ ಷೆನೊನ್ಸೋ ಅರಮನೆಗೆ ಈ ಸೌಲಭ್ಯವಿಲ್ಲ.

6. ಬಸ್ ಹತ್ತುವಾಗ

ಬೆಳಿಗ್ಗೆ ಇಳಿದ ಸ್ಟಾಪಿನ ಎದುರು ಬದಿಗೆ ಹೋಗಿ, ಹತ್ತು ನಿಮಿಷ ಮೊದಲೇ ನಿಲ್ಲಿ. ನಿಂತರಷ್ಟೇ ಸಾಲದು, ಬಸ್ ಕಂಡ ಕೂಡಲೇ ಕೈ ಚಾಚಬೇಕು, ಇಲ್ಲದಿದ್ದರೆ ಚಾಲಕ ಮುಂದೆ ಹೋಗಿಬಿಡುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲು. ಚಾಚಿದ ಕೈಯಲ್ಲಿ ಫೋನಿನ ಟಾರ್ಚ್ ಉರಿಯುತ್ತಿರಲಿ.