ಫೈಲಿಗೂ ಒಂದು ಒಳಜೇಬು ಇದೆ, ತೆರೆದು ನೋಡಿ

ಇಂಟರ್‌ನೆಟ್‌ನಿಂದ ಇಳಿಸಿಕೊಂಡ ವರ್ಡ್ ಫೈಲನ್ನು ತೆರೆದರೆ ಮೇಲುಗಡೆ ಹಳದಿ ಪಟ್ಟಿ ಬರುತ್ತದೆ, ಅಲ್ವಾ? ನೀವೇ ಟೈಪ್ ಮಾಡಿದ ಫೈಲಿಗೆ ಅದು ಬರುವುದಿಲ್ಲ. ಇದು ಹೊರಗಿನ ಫೈಲು ಅಂತ ವಿಂಡೋಸ್‌ಗೆ ಗೊತ್ತಾಗುವುದು, ಫೈಲಿಗೆ ಅಂಟಿಕೊಂಡಿರುವ ಇನ್ನೊಂದು ಚಿಕ್ಕ ಬರಹದಿಂದ. ಅಂಗಿಯ ಒಳಜೇಬಿನ ಹಾಗೆ ಅದು ಹೊರಗೆ ಕಾಣಿಸುವುದಿಲ್ಲ. ತಂತ್ರಜ್ಞರು ಇದನ್ನು ಆಲ್ಟರ್ನೇಟ್ ಡೇಟಾ ಸ್ಟ್ರೀಮ್ ಎನ್ನುತ್ತಾರೆ.

1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಇದು ಶುರುವಿನಿಂದಲೂ ಇದೆ. ಆಗಿನ ಮ್ಯಾಕಿಂಟೋಷ್ ಫೈಲುಗಳಲ್ಲಿ ಎರಡು ಭಾಗ ಇರುತ್ತಿದ್ದವು. ಅವನ್ನು ವಿಂಡೋಸ್ ಸರ್ವರ್‌ನಲ್ಲಿ ಇಡಲು ಎರಡನೇ ಜಾಗ ಬೇಕಿತ್ತು. ಇಂಥ ಜಾಗ ಇವತ್ತಿಗೂ ಬೇಕೇ ಅನ್ನುವುದು ಒಳ್ಳೆಯ ಪ್ರಶ್ನೆ. ಮೊದಲು ಕಣ್ಣಾರೆ ನೋಡಿ, ಆಮೇಲೆ ತೀರ್ಮಾನಿಸೋಣ. ಕೆಳಗಿನ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹಂತ 1: ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಸಿ, ಎಂ, ಡಿ ಮೂರೇ ಅಕ್ಷರ ಹೊಡೆದು ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆಯುತ್ತದೆ.

ಹಂತ 2: ಡಿ, ಐ, ಆರ್ ಹೊಡೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಮತ್ತು ಆರ್ ಹೊಡೆಯಿರಿ. ಫೈಲುಗಳ ಪಟ್ಟಿ ಬರುತ್ತದೆ. ಎಷ್ಟೋ ಹೆಸರುಗಳ ಕೆಳಗೆ ಇನ್ನೊಂದು ಸಾಲು ಕಾಣುತ್ತದೆ: ಅದೇ ಫೈಲಿನ ಹೆಸರು, ಕೋಲನ್, ಆಮೇಲೆ ಜೋನ್.ಐಡೆಂಟಿಫೈಯರ್. ಅದೇ ಒಳಜೇಬು.

ಹಂತ 3: ಈಗ ಅದರೊಳಗೆ ಇಣುಕಿ. ಮೋರ್ ಎಂದು ಹೊಡೆದು, < ಚಿಹ್ನೆ ಹಾಕಿ, ಫೈಲಿನ ಹೆಸರು, ಕೋಲನ್, ಜೋನ್.ಐಡೆಂಟಿಫೈಯರ್ ಬರೆಯಿರಿ. ಹೆಸರಿನಲ್ಲಿ ಸ್ಪೇಸ್ ಇದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಜೋನ್‌ಐಡಿ=3 ಎಂದು ಕಂಡರೆ ಫೈಲು ಇಂಟರ್‌ನೆಟ್‌ನಿಂದ ಬಂದಿದೆ ಎಂದರ್ಥ. ಈ ಗುರುತು ಶುರುವಾದದ್ದು 2004ರ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ. ಈಗಿನ ವಿಂಡೋಸ್‌ನಲ್ಲಿ ಎಷ್ಟೋ ಸಲ ಯಾವ ಕೊಂಡಿಯಿಂದ ಇಳಿಸಿದಿರಿ ಅನ್ನುವುದೂ ಪೂರ್ತಿ ಬರೆದಿರುತ್ತದೆ. ಕಂಪ್ಯೂಟರನ್ನು ಬೇರೆಯವರೂ ಬಳಸುತ್ತಿದ್ದರೆ ಇದು ನೆನಪಿರಲಿ.

ಹಂತ 4: ನಿಮ್ಮದೇ ಜೇಬು ಹೊಲಿಯಿರಿ. ಎಕೋ ಎಂದು ಹೊಡೆದು, ಸ್ಪೇಸ್ ಬಿಟ್ಟು, ನಮಸ್ಕಾರ ಎಂದು ಇಂಗ್ಲಿಷಿನ 9 ಅಕ್ಷರಗಳಲ್ಲಿ ಬರೆದು, ಜಾಗ ಬಿಡದೆ > ಚಿಹ್ನೆ, ಆಮೇಲೆ ಪತ್ರ.ಟಿಎಕ್ಸ್‌ಟಿ. ಇದು 11 ಬೈಟ್‌ಗಳ ಫೈಲು: 9 ಅಕ್ಷರ, ಸಾಲು ಮುಗಿಸುವ ಗುರುತಿಗೆ 2 ಬೈಟ್. ಈಗ ಟೈಪ್ ಎಂದು ಹೊಡೆದು, ಅಲ್ಲೇ ಇರುವ ಒಂದು ವಿಡಿಯೊದ ಹೆಸರು ಬರೆದು, > ಹಾಕಿ, ಪತ್ರ.ಟಿಎಕ್ಸ್‌ಟಿ:ಗುಟ್ಟು ಎಂದು ಸೇರಿಸಿ.

ಎಕ್ಸ್‌ಪ್ಲೋರರ್‌ನಲ್ಲಿ ಪತ್ರದ ಗಾತ್ರ ನೋಡಿ. ಇಡೀ ವಿಡಿಯೊ ಅದರೊಳಗೆ ಕೂತಿದೆ, ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ, ಆದರೂ ಪ್ರಾಪರ್ಟೀಸ್‌ನಲ್ಲಿ ಗಾತ್ರ ಅದೇ 11 ಬೈಟ್! ನನ್ನ ತಕರಾರು ಇರುವುದು ಇಲ್ಲೇ. ಜೇಬು ಇರಲಿ, ಆದರೆ ಅದರ ಭಾರ ಮಾಲೀಕನಿಗೆ ಗೊತ್ತಾಗಬೇಕು. ಕೇಡಿಗರು ತಮ್ಮ ಪ್ರೋಗ್ರಾಂ ಬಚ್ಚಿಡಲು ಈ ಜಾಗವನ್ನು ಬಳಸುತ್ತಾ ಬಂದಿರುವುದು ಸುಮ್ನೆ ಅಲ್ಲ.

ಹಂತ 5: ಪತ್ರವನ್ನು ಒಳಜೇಬಿಲ್ಲದ ಹಳೆಯ ಫೈಲ್ ವ್ಯವಸ್ಥೆಯ ಎಫ್‌ಎಟಿ32 ಪೆನ್‌ಡ್ರೈವ್‌ಗೆ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಮಾಡಿ. ಕೆಲವು ಗುಣಗಳು ಬರುವುದಿಲ್ಲ, ಪರವಾಗಿಲ್ಲವೇ ಎಂದು ಕೇಳುತ್ತದೆ. ಹೂಂ ಅಂದರೆ ಪತ್ರ ಹೋಗುತ್ತದೆ, ವಿಡಿಯೊ ಹೋಗುವುದಿಲ್ಲ. ಇಮೇಲ್‌ಗೆ ಲಗತ್ತಿಸಿದರೂ ಇದೇ ಕಥೆ. ಹಾಗಾಗಿ ಬೇಕಾದ ದಾಖಲೆಯನ್ನು ಇಲ್ಲಿ ಯಾವತ್ತೂ ಇಡಬೇಡಿ.

ಇಷ್ಟೆಲ್ಲ ತೊಂದರೆ ಇದ್ದರೆ ತೆಗೆದೇ ಹಾಕಬಾರದೇ? ಬೇಡ. ಹೊರಗಿನಿಂದ ಬಂದದ್ದು ಎಂಬ ಗುರುತನ್ನು ಫೈಲಿನ ಒಳಗೇ ಬರೆದರೆ ಫೈಲೇ ಬದಲಾಗುತ್ತದೆ. ಡಿಜಿಟಲ್ ಸಹಿ ಕೆಡಬಹುದು, ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ತಾಳೆಯಾಗುವುದಿಲ್ಲ. ಬೇರೆ ಪಟ್ಟಿಯಲ್ಲಿ ಬರೆದಿಟ್ಟರೆ ಫೈಲಿನ ಜಾಗ ಬದಲಿಸಿದ ಕೂಡಲೇ ನಂಟು ತಪ್ಪುತ್ತದೆ. ಪಕ್ಕದಲ್ಲಿ ಒಂದು ಜಾಗ ಬೇಕೇ ಬೇಕು. ಮ್ಯಾಕ್ ಕೂಡ ಇಳಿಸಿಕೊಂಡ ಫೈಲಿಗೆ ಕ್ವಾರಂಟೀನ್ ಗುರುತನ್ನು ಹೀಗೇ ಪಕ್ಕದಲ್ಲಿ ಅಂಟಿಸುತ್ತದೆ. ಲಿನಕ್ಸ್‌ನಲ್ಲೂ ಇಂಥ ಸೌಲಭ್ಯವಿದೆ, ಆದರೆ ಗಾತ್ರಕ್ಕೆ ಮಿತಿ ಇದೆ. ಮೈಕ್ರೋಸಾಫ್ಟ್ ಎನ್‌ಟಿಎಫ್‌ಎಸ್ ನಂತರ ತಂದ ಇನ್ನೊಂದು ಫೈಲ್ ವ್ಯವಸ್ಥೆಯಾದ ಆರ್‌ಇಎಫ್‌ಎಸ್‌ನಲ್ಲಿ ಮೊದಲು ಸ್ಟ್ರೀಮ್‌ಗಳನ್ನು ಬಿಟ್ಟೇಬಿಟ್ಟಿತ್ತು. ಆಮೇಲೆ ವಾಪಸ್ ತಂದಾಗ 128 ಕಿಲೋಬೈಟ್ ಮಿತಿ ಹಾಕಿತು. ಇದೇ ಸರಿಯಾದ ದಾರಿ. ಗುರುತು ಬರೆಯಲು ಅಷ್ಟು ಸಾಕು, ವಿಡಿಯೊ ಬಚ್ಚಿಡಲು ಸಾಲದು. ಇದರ ಜೊತೆಗೆ ಎಕ್ಸ್‌ಪ್ಲೋರರ್‌ನಲ್ಲೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ ತೋರಿಸಿದರೆ ನನ್ನ ಆಕ್ಷೇಪ ಮುಗಿಯಿತು.

ಹಂತ 6: ಪ್ರಯೋಗ ಮುಗಿದ ಮೇಲೆ ಪತ್ರವನ್ನು ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿ. ಜೇಬೂ ಜೊತೆಗೇ ಹೋಗುತ್ತದೆ. ಜೇಬನ್ನು ಮಾತ್ರ ಕೀಳಬೇಕಾದರೆ ವಿಂಡೋಸ್‌ನ ಇನ್ನೊಂದು ಆಜ್ಞೆ ಕಿಟಕಿಯಾದ ಪವರ್‌ಶೆಲ್‌ನ ರಿಮೂವ್-ಐಟಂ ಆಜ್ಞೆಗೆ ಸ್ಟ್ರೀಮ್ ಆಯ್ಕೆ ಇದೆ. ಇಳಿಸಿಕೊಂಡ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಟಿಕ್ ಮಾಡಿದರೂ ಆ ಗುರುತು ಅಳಿಯುತ್ತದೆ. ಆದರೆ ಯಾರು ಕಳಿಸಿದ್ದು ಅಂತ ಖಾತ್ರಿಯಿಲ್ಲದ ಫೈಲಿಗೆ ಆ ಟಿಕ್ ಹಾಕಬೇಡಿ.