ಮಲ್ಪೆಯ ಹಾದಿಯಲ್ಲಿ ಮಗಳೊಡನೆ

ನಮ್ಮದು ಅಳಿಯಸಂತಾನದ, ಅಂದರೆ ವಂಶ ತಾಯಿಯ ಕಡೆಯಿಂದ ಸಾಗುವ ಕುಟುಂಬ. ಮಗಳಿಗೆ ಬಂದಿರುವ ಬಳಿ, ಅಂದರೆ ಕುಲ, ಅವಳ ತಾಯಿಯದು. ತಾಯಿಯ ಕುಟುಂಬದ ಮನೆಯಲ್ಲಿ ತಂಬಿಲ, ನೇಮದಂಥ ದೈವಾರಾಧನೆ ನಡೆಯುವಾಗ ಅವಳು ಆ ಮನೆಯವಳು, ಮುಂದೆ ನಿಲ್ಲುವವರು ಅವಳ ಸೋದರಮಾವಂದಿರು, ನಾನು ಕುರ್ಚಿ ಕೊಡಿಸಿಕೊಂಡು ಕೂರುವ ನೆಂಟ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತಾದರೂ ದೈವದ ಚಾವಡಿಯ ಲೆಕ್ಕ ಬದಲಾಗಿಲ್ಲ. ನನಗೆ ಅದರ ಬಗ್ಗೆ ಬೇಸರವೂ ಇಲ್ಲ. ಕುಲದ ಹಕ್ಕಿನಿಂದ ಸಿಗದ ಸಲುಗೆಯನ್ನು ದಿನದಿನದ ಒಡನಾಟದಿಂದ ಗಳಿಸಬೇಕಾಯಿತು, ಅದನ್ನು ಅವಳು ಧಾರಾಳವಾಗಿ ಕೊಟ್ಟಳು. ಆ ಕಾರಣಕ್ಕೆ ನಾನು ಅವಳಿಗೆ ಋಣಿ.

ಒಡನಾಟಕ್ಕೆ ನಾನು ಆರಿಸಿಕೊಂಡದ್ದು ದೊಡ್ಡ ಕಾರ್ಯಕ್ರಮವೇನಲ್ಲ, ಭಾನುವಾರದ ಮೀನು. ಅವಳು ಎರಡನೆಯ ತರಗತಿಯಲ್ಲಿದ್ದಾಗಿನಿಂದ ಉಡುಪಿಯ ನಮ್ಮ ಮನೆಯಿಂದ ಮಲ್ಪೆಯ ಮೀನುಗಾರಿಕಾ ಬಂದರಿಗೆ ಸ್ಕೂಟರಿನಲ್ಲಿ ಜೊತೆಯಾಗಿ ಹೋಗುತ್ತಿದ್ದೇವೆ. ಕಿವಿರು ಎತ್ತಿ ಕೆಂಪಾಗಿದೆಯೇ ನೋಡುವುದು, ಕಣ್ಣು ಉಬ್ಬಿ ತಿಳಿಯಾಗಿದೆಯೇ ಗಮನಿಸುವುದು, ಬೆರಳಿನಿಂದ ಒತ್ತಿದ ಮಾಂಸ ಮತ್ತೆ ಮೇಲೇಳುತ್ತದೆಯೇ ಪರೀಕ್ಷಿಸುವುದು, ಹೊಟ್ಟೆ ಒಡೆದ ಬೂತಾಯಿಯನ್ನು ಬಿಟ್ಟುಬಿಡುವುದು, ಇವನ್ನೆಲ್ಲ ನಾನು ಕಲಿಸಿದೆ. ಹತ್ತು ವರ್ಷವಾಗುವಷ್ಟರಲ್ಲಿ ಹಣದ ಚೀಲವನ್ನೂ ಅವಳ ಕೈಗೆ ಕೊಟ್ಟೆ. ಬಂಗುಡೆಗೆ ಅವಳು ಚೌಕಾಶಿ ಮಾಡುತ್ತಿದ್ದರೆ ಮೀನು ಮಾರುವ ಅಕ್ಕಂದಿರು ನನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಅದು ಬಹಳ ಇಷ್ಟ.

ನಿಜವಾದ ಮಾತುಕತೆ ನಡೆಯುವುದು ಸ್ಕೂಟರಿನ ಮೇಲೆ. ಇಬ್ಬರಿಗೂ ಪರಸ್ಪರ ಮುಖ ಕಾಣಿಸುವುದಿಲ್ಲ, ಊಟದ ಮೇಜಿನ ಎದುರು ಕೂತು ಕೇಳಿದರೆ ಬಾರದ ಸಂಗತಿಗಳು ಹಿಂದಿನ ಸೀಟಿನಿಂದ ತಾವಾಗಿಯೇ ಬರುತ್ತವೆ. ಆದಿಉಡುಪಿ ದಾಟುವವರೆಗೆ ಸುಮ್ಮನಿದ್ದವಳು ಕಲ್ಮಾಡಿಯ ಹತ್ತಿರ ಗೆಳತಿಯೊಂದಿಗಿನ ಜಗಳವನ್ನು ತೆಗೆದಿರುತ್ತಾಳೆ. ನಾನು ನನಗೇ ಹಾಕಿಕೊಂಡ ಕಟ್ಟಳೆಗಳು ಎರಡು ಮಾತ್ರ. ಅವಳು ಕೇಳದೆ ಬುದ್ಧಿವಾದ ಹೇಳುವುದಿಲ್ಲ. ಅವಳ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಮನೆಯಲ್ಲಿ, ಅವಳ ಅಮ್ಮನಲ್ಲಿಯೂ, ಎತ್ತುವುದಿಲ್ಲ. ಎರಡನೆಯದು ನನ್ನ ಹೆಂಡತಿಗೆ ಮೊದಮೊದಲು ಸರಿಬರಲಿಲ್ಲ, ಈಗ ಅದರ ಬೆಲೆ ಅವಳಿಗೂ ಗೊತ್ತಿದೆ.

ಮಗಳು ದೊಡ್ಡವಳಾದಾಗ ಹಿರಿಯರೊಬ್ಬರು, ಇನ್ನು ಮೇಲೆ ಅವಳನ್ನು ಅಪ್ಪನ ಜೊತೆ ಬಂದರಿಗೆ ಕಳಿಸುವುದು ಬೇಡ, ಗಂಡಸರ ಜಾಗ ಅದು ಎಂದರು. ಬಂದರಿನ ಮೀನು ಮಾರಾಟವನ್ನು ನಡೆಸಿಕೊಂಡು ಹೋಗುವವರು ಮೀನುಗಾರ ಮೊಗವೀರ ಸಮುದಾಯದ ಹೆಂಗಸರು ಎಂಬುದು ಅವರಿಗೆ ನೆನಪಾಗಲಿಲ್ಲವೇನೋ. ನಮ್ಮಲ್ಲಿ ಎಷ್ಟೋ ಅಪ್ಪಂದಿರು ಈ ಹಂತದಲ್ಲೇ ಸಂಕೋಚದಿಂದ ಹಿಂದೆ ಸರಿಯುತ್ತಾರೆ, ಆಮೇಲೆ ಫೀಸು ಕಟ್ಟುವಾಗ ಮಾತ್ರ ಮುಂದೆ ಬರುತ್ತಾರೆ. ನಾನು ಮಗಳನ್ನೇ ಕೇಳಿದೆ. ಬರುತ್ತೇನೆ, ಮುಟ್ಟಿನ ದಿನ ಹೊಟ್ಟೆನೋವಿದ್ದರೆ ಮಾತ್ರ ಬರುವುದಿಲ್ಲ ಎಂದಳು. ಅಂದಿನಿಂದ ಮನೆಯ ಸಾಮಾನಿನ ಪಟ್ಟಿಯಲ್ಲಿ ಅವಳ ಪ್ಯಾಡ್‌ಗಳೂ ಸೇರಿವೆ, ಅಂಗಡಿಗೆ ಹೋದವರು ಯಾರಾದರೂ ತರುತ್ತೇವೆ. ಇಷ್ಟು ಸಲೀಸಾಗಿ ಅದನ್ನು ಹೇಳಲು ಅವಳಿಗೆ ಸಾಧ್ಯವಾದದ್ದು ನನ್ನ ಅದೃಷ್ಟ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಬೋಟುಗಳು ದಕ್ಕೆಯಲ್ಲಿ ಕಟ್ಟಿಹಾಕಿರುತ್ತವೆ. ಆಗಲೂ ಭಾನುವಾರದ ಸವಾರಿಯನ್ನು ಬಿಡುವುದಿಲ್ಲ. ರೈನ್‌ಕೋಟ್ ಹಾಕಿಕೊಂಡು ಕೋಡಿಬೆಂಗ್ರೆಯವರೆಗೆ ಹೋಗಿ, ಸ್ವರ್ಣೆ, ಸೀತೆ ನದಿಗಳು ಕಡಲು ಸೇರುವಲ್ಲಿ ನಿಂತು ಬರುತ್ತೇವೆ, ದಾರಿಯಲ್ಲಿ ಹೊಳೆಮೀನು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಮನೆಯಲ್ಲಿ ಒಣಮೀನಿನ ಚಟ್ನಿ.

ಅಂಥದೊಂದು ಮಳೆಯ ಬೆಳಿಗ್ಗೆ ಅವಳು, ಎಸ್ಸೆಸ್ಸೆಲ್ಸಿಯ ನಂತರ ವಿಜ್ಞಾನ ಬೇಡ, ಕಲಾ ವಿಭಾಗಕ್ಕೆ ಸೇರಿ ಇತಿಹಾಸ ಓದುತ್ತೇನೆ ಎಂದಳು. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ, 2025ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು ಬಂದ ಈ ಕರಾವಳಿಯಲ್ಲಿ, ಒಳ್ಳೆಯ ಅಂಕ ತೆಗೆಯುವ ಹುಡುಗಿ ಹಾಗೆ ಹೇಳಿದರೆ ಕೇಳಿದವರು ಅವಳಿಗೇನಾಯಿತು ಎಂದು ವಿಚಾರಿಸುತ್ತಾರೆ. ನಾನು ಸ್ಕೂಟರ್ ನಿಲ್ಲಿಸಲಿಲ್ಲ, ಯಾವ ಇತಿಹಾಸ ಎಂದಷ್ಟೇ ಕೇಳಿದೆ. ಮನೆ ತಲುಪುವವರೆಗೂ ಅವಳು ಬಾರಕೂರಿನ ಆಳುಪ ಅರಸರ ಬಗ್ಗೆ ಹೇಳುತ್ತಲೇ ಇದ್ದಳು, ನನಗೆ ತಿಳಿಯದ ಎಷ್ಟೋ ವಿಷಯಗಳನ್ನು ಅವಳಿಂದ ಕಲಿತೆ. ಎಲ್ಲರಿಗಿಂತ ಮೊದಲು ನನಗೆ ಹೇಳಿದ್ದಕ್ಕೆ ಆ ದಿನವೇ ಅವಳಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದೆ.

ಮುಂದಿನ ವರ್ಷ ಅವಳು ಮಂಗಳೂರಿನಲ್ಲಿ ಹಾಸ್ಟೆಲ್ ಸೇರಬಹುದು. ಭಾನುವಾರದ ವ್ಯವಸ್ಥೆಯನ್ನು ಅವಳೇ ಯೋಚಿಸಿಟ್ಟಿದ್ದಾಳೆ: ಶನಿವಾರ ಸಂಜೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವುದು, ಮರುದಿನ ಬೆಳಿಗ್ಗೆ ಮಲ್ಪೆ. ಹದಿನೆಂಟು ತುಂಬಿ ಲೈಸೆನ್ಸ್ ಸಿಕ್ಕ ಮೇಲೆ ಸ್ಕೂಟರ್ ಓಡಿಸುವುದು ತಾನು, ಮೀನಿನ ಚೀಲ ಹಿಡಿದು ಹಿಂದೆ ಕೂರುವುದು ನಾನು ಎಂಬ ಷರತ್ತನ್ನೂ ಹಾಕಿದ್ದಾಳೆ, ನಾನು ಒಪ್ಪಿಕೊಂಡಿದ್ದೇನೆ.