ಹಣ್ಣಾದ ಸೀರೆ, ನನ್ನ ಕೌದಿ

ನಾನು ಹೊಲಿದ ಮೊದಲ ಕೌದಿ ಈಗ ನಮ್ಮ ಸ್ಕೂಟರಿನ ಮೇಲಿದೆ. ಬಿಸಿಲು, ಮಳೆ, ಓಣಿಯ ಬೆಕ್ಕು ಎಲ್ಲವನ್ನೂ ಅದು ತಡೆದುಕೊಳ್ಳುತ್ತಿದೆ. ಮನುಷ್ಯರು ಹೊದೆಯುವ ಹಾಗಿಲ್ಲ, ಅಷ್ಟೇ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಂಪ್ಯೂಟರ್ ಬರುವ ಮೊದಲಿನ ದಿನಗಳಲ್ಲಿ ಸಂಜೆ ವೋಚರುಗಳ ಕಟ್ಟಿಗೆ ದಬ್ಬಣದಿಂದ ತೂತು ಹೊಡೆದು ದಾರ ಬಿಗಿಯುತ್ತಿದ್ದೆವು. ನನಗೆ ಬರುತ್ತಿದ್ದ ಹೊಲಿಗೆ ಅದೊಂದೇ. ಅಂಗಿಯ ಗುಂಡಿ ಬಿದ್ದರೂ ಹೆಂಡತಿಯ ಮುಂದೆ ನಿಲ್ಲುತ್ತಿದ್ದೆ.

ಶುರುವಾದದ್ದು ಒಂದು ರಿಪೇರಿಯಿಂದ. ಅವ್ವ ಹೊಲಿಸಿದ್ದ ಹಳೆಯ ಕೌದಿಯ ಒಂದು ಮಗ್ಗುಲು ಬಿಚ್ಚಿಕೊಂಡಿತ್ತು. ನಾನು ಸಣ್ಣವನಿದ್ದಾಗ ಬೇಸಿಗೆಯಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ನಮ್ಮ ಓಣಿಗೆ ಬರುತ್ತಿದ್ದರು. ಮನೆಯವರು ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಅರಿವೆಯನ್ನು ತೆಗೆದುಕೊಂಡು, ಬೇವಿನ ಮರದ ಕೆಳಗೆ ಕೂತು ಕೌದಿ ಹೊಲಿದು ಕೊಡುತ್ತಿದ್ದರು. ಒಂದಿಷ್ಟು ಜೋಳ, ರೊಟ್ಟಿ, ಒಂದಿಷ್ಟು ರೊಕ್ಕ ಅವರ ಕೂಲಿ. ಇದು ಅವರ ಕೈಯ ಕೌದಿ. ಬಿಚ್ಚಿದ ಬಾಯಿಯೊಳಗೆ ಕೈ ಹಾಕಿ ನೋಡಿದೆ. ಮೇಲೆ ಇಳಕಲ್ ಸೀರೆ. ಅದರ ಕೆಳಗೆ ಅಪ್ಪನ ಧೋತರ. ಅದರ ಕೆಳಗೆ ಹಿಟ್ಟಿನ ಚೀಲದ ಬಟ್ಟೆ, ಅಚ್ಚಿನ ಅಕ್ಷರ ಇನ್ನೂ ಮಾಸಿಲ್ಲ. ಎಲ್ಲಕ್ಕಿಂತ ಒಳಗೆ ಇನ್ನೊಂದು ಕೌದಿ! ಜೀರ್ಣವಾದ ಕೌದಿಯನ್ನೇ ಒಳಗಿಟ್ಟು ಅದರ ಮೇಲೆ ಹೊಸದನ್ನು ಹೊಲಿದಿದ್ದರು. ಬಿಚ್ಚಿದ್ದನ್ನು ನಾನೇ ಸೊಟ್ಟಸೊಟ್ಟ ಹೊಲಿದು ಮುಚ್ಚಿದೆ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಟಿವಿ ಹಚ್ಚಿರಲಿಲ್ಲ, ಫೋನ್ ಮುಟ್ಟಿರಲಿಲ್ಲ. ನಿವೃತ್ತಿಯಾದ ಮೇಲೆ ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದು ಅದೇ ಮೊದಲು.

ಹಾಗಾದರೆ ಒಂದು ಪೂರ್ತಿ ಕೌದಿಯನ್ನೇ ಹೊಲಿದುಬಿಡೋಣ ಅನ್ನಿಸಿತು. ಇಲ್ಲೇ ನಾನು ಎಡವಿದ್ದು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮಾಲು ಬೇಕಲ್ವಾ ಎಂದು ಪೇಟೆಗೆ ಹೋಗಿ ಹೊಸ ಬಟ್ಟೆ ತಂದೆ. ಕೆಂಪು, ಹಳದಿ, ಬಿಳಿ ಪಾಪ್ಲಿನ್ ಎರಡೆರಡು ಮೀಟರ್. ಜೊತೆಗೆ ದರ್ಜಿ ಅಂಗಡಿಯಲ್ಲಿ ಕೇಳಿ ತಂದ ಒಂದು ಚೀಲ ತುಂಡುಗಳು. ಎಲ್ಲವನ್ನೂ ಆರು ಇಂಚಿನ ಚೌಕ ಕತ್ತರಿಸಿ, ಲೆಡ್ಜರಿನ ಕಾಲಂ ಥರ ಸಾಲಾಗಿ ಜೋಡಿಸಿ, ಮೇಲಿನ ಪದರವನ್ನು ಮೊದಲೇ ಪೂರ್ತಿ ತಯಾರು ಮಾಡಿದೆ. ಆಮೇಲೆ ಕೆಳಗೆ ಉಳಿದ ಪದರ ಇಟ್ಟು ಹೊಲಿದೆ. ನಾಲ್ಕು ತಿಂಗಳು ಹಿಡಿಯಿತು. ನೋಡಲು ಚೆಂದವೇ ಇತ್ತು. ಒಗೆದೆ.

ಕೆಂಪು ಬಣ್ಣ ಬಿಟ್ಟು ಬಿಳಿ ಚೌಕಗಳೆಲ್ಲ ಗುಲಾಬಿಯಾದವು. ಅದಾದರೂ ಹೋಗಲಿ. ಒಣಗಿದ ಮೇಲೆ ನೋಡಿದರೆ ಇಡೀ ಕೌದಿ ಸುಟ್ಟ ಹಪ್ಪಳದ ಹಾಗೆ ಉಬ್ಬಿ ಸುರುಟಿಕೊಂಡಿತ್ತು. ಕೆಲವು ಚೌಕ ಕುಗ್ಗಿದ್ದವು, ಕೆಲವು ಕುಗ್ಗಿರಲಿಲ್ಲ.

ಫೋಟೋ ತೆಗೆದು ಊರಲ್ಲಿರುವ ಅಕ್ಕನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ತಮ್ಮಾ, ಹೊಸಾ ಅರಿವಿ ಯಾಕ ತಂದಿ? ಅದು ಇನ್ನೂ ನೀರ ಕಂಡಿಲ್ಲ. ಕೌದಿಗೆ ಅರಿವಿ ಹಣ್ಣಾಗಿರಬೇಕು."

ಹಣ್ಣಾಗಿರಬೇಕು. ಆಮೇಲೆ ನಾನು ಕಲಿತದ್ದೆಲ್ಲ ಈ ಒಂದು ಮಾತನ್ನು ಬಿಡಿಸಿಕೊಂಡದ್ದು ಅಷ್ಟೇ. ಮಗ್ಗದ ಮೇಲೆ ನೂಲನ್ನು ಎಳೆದು ಬಿಗಿದಿರುತ್ತಾರೆ. ಆಮೇಲೆ ಗಂಜಿ ಹಾಕಿ, ಇಸ್ತ್ರಿ ಮಾಡಿ ಅದೇ ಬಿಗುವಿನಲ್ಲಿ ಅಂಗಡಿಗೆ ಕಳಿಸುತ್ತಾರೆ. ನೀರು ಬಿದ್ದ ಕೂಡಲೇ ನೂಲು ಸಡಿಲಾಗಿ ತನ್ನ ಜಾಗಕ್ಕೆ ಮರಳುತ್ತದೆ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಗಳಲ್ಲಿ ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಪಾಲಿಯೆಸ್ಟರ್ ಕುಗ್ಗುವುದೇ ಇಲ್ಲ ಅನ್ನಬಹುದು. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ ಹಾಕಿದರೆ ಹಪ್ಪಳವೇ ಆಗುವುದು. ನೂರಾರು ಸಲ ಒಗೆದ ಸೀರೆಯ ಕತೆ ಬೇರೆ. ಕುಗ್ಗುವಷ್ಟು ಕುಗ್ಗಿದೆ, ಬಿಡುವ ಬಣ್ಣ ಬಿಟ್ಟಾಗಿದೆ, ಗಂಜಿಯೆಲ್ಲ ಹೋಗಿ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಇನ್ನು ಅದು ನಮಗೆ ಮೋಸ ಮಾಡುವುದಿಲ್ಲ.

ನಮ್ಮ ಹಿರಿಯರು ಬಡತನದಿಂದ ಹಳೆಯ ಬಟ್ಟೆ ಹೊಲಿದುಕೊಂಡರು ಎಂದೇ ನಾನು ತಿಳಿದಿದ್ದೆ. ಬಡತನ ಇದ್ದದ್ದು ನಿಜ. ಆದರೆ ಕೈಯಲ್ಲಿ ರೊಕ್ಕ ಇದ್ದ ನಾನು ಹೊಸ ಬಟ್ಟೆ ತಂದು ಕೆಟ್ಟೆ. ಈಗ ಆನ್‌ಲೈನಿನಲ್ಲಿ ಕೌದಿ ಎಂಬ ಹೆಸರಿನಲ್ಲಿ ಒಂದೇ ಬಟ್ಟೆಯ ಮೇಲೆ ತೇಪೆಯ ಚಿತ್ರ ಅಚ್ಚು ಹಾಕಿ ಮಾರುತ್ತಾರೆ. ನನ್ನನ್ನು ಕೇಳಿದರೆ ಅದು ಕೌದಿ ಅಲ್ಲ, ಕೌದಿಯ ಫೋಟೋ.

ಎರಡನೆಯದಕ್ಕೆ ಅಕ್ಕ ತನ್ನ ಮೂರು ಸೀರೆ ಕಳಿಸಿದಳು. ಅವ್ವನ ಟ್ರಂಕಿನಿಂದ ಎರಡು ಇಳಕಲ್ ಸಿಕ್ಕವು. ಅಪ್ಪನ ಧೋತರ ಇನ್ನೂ ಒಂದು ಉಳಿದಿತ್ತು. ಹಣ್ಣಾಗಿರಬೇಕು ನಿಜ, ಕೊಳೆತಿರಬಾರದು. ಅದನ್ನು ನೋಡುವ ಬಗೆ ಹೀಗೆ: ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿಯಬೇಕು. ಬೆಳಕು ಜಾಸ್ತಿ ಹಾಯುವಲ್ಲಿ ಬಟ್ಟೆ ತೆಳುವಾಗಿದೆ ಎಂದರ್ಥ. ಸಾಮಾನ್ಯವಾಗಿ ನೆರಿಗೆಯ ಕೆಳಭಾಗ, ಕೂತು ಎದ್ದು ಸವೆಯುವ ಹಿಂಭಾಗ. ಅಲ್ಲಿ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಬೇಕು. ಪಿಸಿದು ಬಂದರೆ ಆ ಭಾಗ ಒರೆಸುವ ಬಟ್ಟೆಗೆ ಹೋಗಲಿ. ತಡೆದರೆ ಒಳಪದರಕ್ಕೆ ಇರಲಿ. ಹತ್ತಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಅಂಚಿನ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆಯನ್ನು ಅಡುಗೆಮನೆಯಲ್ಲಿ ಮಾಡಿ ಬೈಸಿಕೊಂಡಿದ್ದೇನೆ.

ಇಳಕಲ್ ಸೀರೆಯಲ್ಲಿ ಇನ್ನೊಂದು ಎಚ್ಚರ ಬೇಕು. ಒಡಲು ಹತ್ತಿಯದಾದರೂ ಸೆರಗಿನ ನೂಲು ಬೇರೆ, ರೇಷ್ಮೆ ಅಥವಾ ಕೃತಕ ರೇಷ್ಮೆ. ಮಗ್ಗದ ಮೇಲೇ ಎರಡರ ಹಾಸುಗಳನ್ನು, ಅಂದರೆ ಉದ್ದದ ನೂಲುಗಳನ್ನು, ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೆರಗು ಒಡಲಿನ ಹಾಗೆ ಹಣ್ಣಾಗುವುದಿಲ್ಲ. ಹಾಗಾಗಿ ಸೆರಗನ್ನು ಬೇರೆ ಮಾಡಿ ಎತ್ತಿಟ್ಟೆ. ಲೆಕ್ಕವೂ ಸರಿಹೋಯಿತು. ಐದೂವರೆ ಮೀಟರ್ ಸೀರೆಯಲ್ಲಿ ಸೆರಗಿನ ಒಂದು ಮೀಟರ್ ತೆಗೆದರೆ ನಾಲ್ಕೂವರೆ ಉಳಿಯಿತು. ಅದನ್ನು ಎರಡು ಮಡಿಕೆ ಮಾಡಿದರೆ ಸುಮಾರು 7 ಅಡಿ ಉದ್ದ, 4 ಅಡಿ ಅಗಲದ ಎರಡು ಪದರ. ಒಬ್ಬರ ಮಂಚಕ್ಕೆ ಸರಿಯಾದ ಅಳತೆ. ಮೇಲೆ ಮತ್ತು ಕೆಳಗೆ ಒಂದು ಸೀರೆ, ಒಳಗೆ ಧೋತರ ಮತ್ತು ಇನ್ನೊಂದು ಸೀರೆ, ಮೇಲ್ಗಡೆ ತೇಪೆ.

ತೇಪೆಗೆ ಬಟ್ಟೆಯನ್ನು ಕತ್ತರಿಸಬಾರದು, ಹರಿಯಬೇಕು. ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಎರಡೂ ಕೈಯಲ್ಲಿ ಎಳೆದರೆ ಚರ್ರನೆ ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ. ಸ್ಕೇಲು, ಚಾಕ್‌ಪೀಸು ಏನೂ ಬೇಡ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದೇ. ಮೊದಲ ಸಲ ಅವ್ವನ ಸೀರೆಗೆ ಕಚ್ಚು ಹಾಕುವಾಗ ಕೈ ನಡುಗಿತು. ಎರಡನೆಯ ಎಳೆತಕ್ಕೆ ಆ ಸದ್ದಿನ ಚಟ ಹತ್ತಿತು. ಹೆಂಡತಿ ಒಳಗಿನಿಂದ "ಸಾಕು ಮಾಡ್ರಿ, ಮನಿ ಅರಿವಿ ಎಲ್ಲಾ ಹರದೀರಿ" ಎಂದು ಕೂಗಿದಳು.

ಹೊಲಿಗೆಯ ಕ್ರಮವನ್ನೂ ಈ ಸಲ ಬದಲಿಸಿದೆ. ನಮ್ಮ ಧಾರವಾಡದಿಂದ ಹಳಿಯಾಳ ದೂರವೇನಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಜನ ನೂರಾರು ವರ್ಷಗಳಿಂದ ಆ ಕಾಡಿನ ಸೀಮೆಯಲ್ಲಿದ್ದಾರೆ. ಅವರು ತೇಪೆಗಳನ್ನು ನನ್ನ ಹಾಗೆ ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಹೊಲಿಯುತ್ತಾ, ಒಂದೊಂದೇ ತೇಪೆ ಇಟ್ಟು, ಅದರ ಅಂಚು ಒಳಗೆ ಮಡಚಿ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆಯ ಮಡಿಕೆಯಲ್ಲಿ ಮಾಡಿದ ಮೂರು ಮೂಲೆಯ ಪುಟ್ಟ ಹೂವಿನಂಥ ತುಂಡು ಇಡುತ್ತಾರೆ. ಅದಕ್ಕೆ ಫುಲ ಎಂದು ಹೆಸರು. ಫುಲ ಇಡದೆ ಕವಂದಿ ಮುಗಿದ ಲೆಕ್ಕವಿಲ್ಲ.

ಇದರ ಲಾಭ ಹೊಲಿದ ಮೇಲೆ ನನಗೆ ಗೊತ್ತಾಯಿತು. ಎಷ್ಟೇ ಜೋಪಾನ ಮಾಡಿದರೂ ಬಟ್ಟೆ ಸೂಜಿಯ ಮುಂದೆ ಕೂದಲೆಳೆಯಷ್ಟು ಸರಿಯುತ್ತದೆ. ತೇಪೆಗಳನ್ನು ಮೊದಲೇ ಜೋಡಿಸಿದ್ದರೆ ಆ ಸರಿದದ್ದೆಲ್ಲ ಒಂದು ಕಡೆ ಗುಂಪುಗೂಡಿ ಸುಕ್ಕಾಗುತ್ತದೆ. ಒಂದೊಂದೇ ಇಡುತ್ತಾ ಹೋದರೆ ಸರಿದದ್ದು ಮುಂದಿನ ತೇಪೆಯ ಮಡಿಕೆಯಲ್ಲಿ ಅಡಗಿಹೋಗುತ್ತದೆ. ಲೆಕ್ಕ ತಪ್ಪಿದ್ದನ್ನು ಅಲ್ಲಲ್ಲೇ ಹೊಂದಿಸುವುದು! ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಹಾಸುವುದಕ್ಕೆ ಪಡಸಾಲೆಯ ನೆಲವೇ ಆಗಬೇಕು. ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಗೈಯಿಂದ ನಡುವಿನಿಂದ ಹೊರಗೆ ಸವರಿ, ನಾಲ್ಕು ಮೂಲೆಗೂ ಭಾರ ಇಟ್ಟೆ. ಒಂದು ಮೂಲೆಗೆ ಕುಟ್ಟಾಣಿ, ಒಂದಕ್ಕೆ ಇಸ್ತ್ರಿಪೆಟ್ಟಿಗೆ, ಉಳಿದ ಎರಡಕ್ಕೆ ಹಳೆಯ ಡೈರಿಗಳು. ಗೇಣಿಗೊಂದು ಸಾಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆ. ಇದನ್ನು ಬಿಟ್ಟರೆ ಮುಂದೆ ಅಳಬೇಕಾಗುತ್ತದೆ. ಮೊಣಕಾಲು ಕೇಳದ ಕಾರಣ ಆಮೇಲಿನ ಹೊಲಿಗೆಯನ್ನು ಮಂಚದ ಮೇಲೆ ಕೂತು ಮಾಡಿದೆ.

ದಾರ ದಪ್ಪನೆಯ ಬಿಳಿ ಹತ್ತಿಯದು. ಮೇಣದಬತ್ತಿಯ ಮೇಲೆ ಒಂದೆರಡು ಸಲ ಎಳೆದುಕೊಂಡರೆ ಸಿಕ್ಕಾಗುವುದು ಕಡಿಮೆ. ವಿಡಿಯೋ ಕಾಲಿನಲ್ಲಿ ನನ್ನ ದಾರದ ಉದ್ದ ನೋಡಿ ಅಕ್ಕ, "ಇದೇನು ಹೊಲಿಯಾಕೋ, ಗಾಳಿಪಟ ಹಾರಸಾಕೋ?" ಎಂದಳು. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ನಾನು ಎರಡು ಮಾರು ದಾರ ತೆಗೆದುಕೊಂಡಿದ್ದೆ. ಒಂದು ಮೊಳದ ಮೇಲೆ ಒಂದು ಗೇಣು, ಅಷ್ಟು ಸಾಕು. ಉದ್ದ ದಾರ ಪ್ರತಿ ಸಲವೂ ಅಷ್ಟೂ ಪದರದೊಳಗೆ ಉಜ್ಜಿಕೊಂಡು ಬಂದು ಕೊನೆಗೆ ನಾರಾಗುತ್ತದೆ. ಇನ್ನೊಂದು ಮಾತು ಅವಳು ಹತ್ತು ಸಲವಾದರೂ ಹೇಳಿದ್ದಾಳೆ: "ಜಗ್ಗಬ್ಯಾಡ." ವೋಚರ್ ಕಟ್ಟಿ ಕಟ್ಟಿ ನನ್ನ ಕೈಗೆ ಬಿಗಿಯುವ ಅಭ್ಯಾಸ. ಕೌದಿಯಲ್ಲಿ ದಾರ ಬಿಗಿದರೆ ಸಾಲಿನುದ್ದಕ್ಕೂ ಬಟ್ಟೆ ನೆರಿಗೆಯಾಗುತ್ತದೆ. ಹಣ್ಣಾದ ಬಟ್ಟೆಯಾದರಂತೂ ಹರಿದೇ ಹೋಗುತ್ತದೆ. ದಾರ ಬಟ್ಟೆಯ ಮೇಲೆ ಮಲಗಬೇಕು, ಕಡಿಯಬಾರದು. ಪ್ರತಿ ಸಾಲು ಮುಗಿದ ಮೇಲೆ ಹೆಬ್ಬೆರಳಿನಿಂದ ಹಿಂದಕ್ಕೆ ಸವರಿ ಸಡಿಲು ಬಿಡುವುದನ್ನು ರೂಢಿ ಮಾಡಿಕೊಂಡೆ.

ಮನೆಯಲ್ಲಿ ಹೊಲಿಗೆಯಂತ್ರ ಇದೆ. ಯಾಕೆ ಇಷ್ಟು ಕಷ್ಟ ಎಂದು ಒಂದು ತುಂಡಿನ ಮೇಲೆ ಅದನ್ನೂ ನೋಡಿದೆ. ಮೇಲಿನ ಪದರವನ್ನು ಯಂತ್ರದ ಪಾದ ಮುಂದಕ್ಕೆ ತಳ್ಳುತ್ತದೆ, ಕೆಳಗಿನದು ಬೇರೆ ವೇಗದಲ್ಲಿ ಹೋಗುತ್ತದೆ. ಒತ್ತೊತ್ತಾದ ತೂತುಗಳ ಗುಂಟ ಹಳೆಯ ಬಟ್ಟೆ ಅಂಚೆಚೀಟಿಯ ಹಾಗೆ ಹರಿಯಿತು. ಅಲ್ಲಿಗೆ ಆ ವಿಚಾರ ಮುಗಿಯಿತು.

ಕಸೂತಿಗೂ ಒಮ್ಮೆ ಕೈ ಹಾಕಿದ್ದುಂಟು. ಅಕ್ಕನಿಗೆ ಗವಂತಿ, ಮುರಗಿ, ನೇಯ್ಗೆ, ಮೆಂತಿ ನಾಲ್ಕೂ ಬಗೆಯ ಹೊಲಿಗೆ ಬರುತ್ತವೆ. ಬಟ್ಟೆಯ ಎಳೆ ಎಣಿಸುತ್ತಾ ಹೋಗಬೇಕು, ಗಂಟು ಹಾಕುವಂತಿಲ್ಲ. ಗವಂತಿಯಂತೂ ಎರಡೂ ಕಡೆ ಒಂದೇ ಥರ ಕಾಣಬೇಕು. ನನ್ನ ಕಣ್ಣು ಒಂದು ತೇರಿನ ಚಿತ್ತಾರದ ಬುಡಕ್ಕೇ ಸೋತಿತು. ಕೌದಿ ಕಣ್ಣಿಗಿಂತ ಕೈಗೆ ಜಾಸ್ತಿ ಕೆಲಸ ಕೊಡುತ್ತದೆ. ಅರವತ್ತು ದಾಟಿದವರಿಗೆ ಅದೇ ವಾಸಿ.

ಸೂಜಿ ಚುಚ್ಚುವುದು ತಪ್ಪುವುದಿಲ್ಲ. ಮೇಲಿನ ಕೈಗಿಂತ ಕೆಳಗೆ ಬಟ್ಟೆ ಹಿಡಿದ ಕೈಯ ತೋರುಬೆರಳಿಗೇ ಜಾಸ್ತಿ. ಬಟ್ಟೆಗೆ ರಕ್ತದ ಚುಕ್ಕೆ ಬಿದ್ದರೆ ಕೂಡಲೇ ತಣ್ಣೀರು ಹಚ್ಚಬೇಕು, ಬಿಸಿನೀರು ಬೇಡವೇ ಬೇಡ, ಕಲೆ ಕೂತುಬಿಡುತ್ತದೆ. ಅಕ್ಕನ ಮದ್ದು ಉಗುಳು. ಹೇಸಿಗೆ ಅನ್ನಬೇಡಿ, ಕೆಲಸ ಮಾಡುತ್ತದೆ.

ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು, ಅಂದರೆ ಒಂದು ಬೆರಳು ಅಂತರ. ಅಭ್ಯಾಸಬಲದಿಂದ ಒಂದು ಸಂಜೆ ಲೆಕ್ಕ ಹಾಕಿದೆ. ಅಷ್ಟೂ ಸುತ್ತುಗಳನ್ನು ಬಿಡಿಸಿ ಒಂದೇ ಗೆರೆ ಮಾಡಿದರೆ 140 ಮೀಟರ್ ಹತ್ತಿರ ಬರುತ್ತದೆ. ಗಂಟೆಗೆ ಮೂರು ಮೀಟರ್ ನನ್ನ ವೇಗ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಎರಡು ತಿಂಗಳಲ್ಲಿ ಮುಗಿಯಿತು. ಬೆಳಗಿನ ಚಹಾ ಆದಮೇಲೆ ಕಿಟಕಿಯ ಬೆಳಕಿನಲ್ಲಿ ಕೂರುತ್ತಿದ್ದೆ. ಕೊನೆಕೊನೆಗೆ ಸುತ್ತು ಸಣ್ಣದಾಗುತ್ತಾ ನಡುವಿನಲ್ಲಿ ಅಂಗೈಯಗಲ ಜಾಗ ಉಳಿಯಿತು. ಅಲ್ಲಿಗೆ ಗುಳೇದಗುಡ್ಡದ ಖಣದ ಒಂದು ತುಂಡು ಇಟ್ಟೆ, ಅವ್ವನ ಕುಬಸದ್ದು. ಮುಗಿಸಲು ಮನಸ್ಸಿಲ್ಲದೆ ಆ ಅಂಗೈಯಗಲಕ್ಕೆ ನಾಲ್ಕು ದಿನ ತೆಗೆದುಕೊಂಡೆ.

ಒಗೆದೆ. ಬಣ್ಣ ಬಿಡಲಿಲ್ಲ. ಉಬ್ಬಲಿಲ್ಲ. ಸಾಲುಗಳ ನಡುವೆ ಸಣ್ಣ ಅಲೆ ಮೂಡಿತು, ಕೆರೆಯ ನೀರಿಗೆ ಗಾಳಿ ತಾಗಿದ ಹಾಗೆ. ಕೌದಿಗೆ ಅದೇ ಲಕ್ಷಣ.

ದೀಪಾವಳಿಗೆ ಅಕ್ಕ ಬಂದಾಗ ಮುಂದೆ ಹಾಸಿ ಇಟ್ಟೆ. ಅವಳು ಮೇಲಿನ ತೇಪೆಗಳನ್ನು ನೋಡಲೇ ಇಲ್ಲ. ಸೀದಾ ಮಗುಚಿ ಹಾಕಿ ಹಿಂಬದಿ ನೋಡಿದಳು, ಅಂಗೈಯಿಂದ ಸವರಿದಳು. ಒಂದು ಕಡೆ ಕೈ ನಿಂತಿತು.

"ಇಲ್ಲೆ ಜಗ್ಗೀದಿ."

ಹೌದು. ಆ ದಿನ ಪೆನ್ಷನ್ ವಿಷಯಕ್ಕೆ ಯಾರ ಜೊತೆಗೋ ಫೋನಿನಲ್ಲಿ ಜಗಳವಾಗಿತ್ತು. ಆಮೇಲೆ ಮೂಲೆ ಹಿಡಿದು, ಫುಲ ಚೆಂದ ಆಗ್ಯಾವ ಎಂದಳು. ಅಷ್ಟಕ್ಕೇ ನನಗೆ ಬಡ್ತಿ ಸಿಕ್ಕ ಖುಷಿ.

ಈಗ ಮೂರನೆಯದಕ್ಕೆ ಬಟ್ಟೆ ಕೂಡಿಹಾಕುತ್ತಿದ್ದೇನೆ. ಮನೆಯ ಹಳೆಯ ಸೀರೆಗಳು ಖಾಲಿಯಾಗಿವೆ. ಮೊನ್ನೆ ಹಗ್ಗದ ಮೇಲೆ ಹೆಂಡತಿಯ ನೀಲಿ ಹತ್ತಿ ಸೀರೆ ಒಣಗುತ್ತಿತ್ತು. ಬೆಳಕಿಗೆ ಅಡ್ಡ ಹಿಡಿದು ನೋಡುತ್ತಿದ್ದೆ, ಹೆಬ್ಬೆರಳನ್ನೂ ಇಟ್ಟಿದ್ದೆ. ಹಿಂದಿನಿಂದ ಬಂದವಳು ಸೀರೆಯನ್ನು ಕೈಯಿಂದ ಕಸಿದುಕೊಂಡಳು.

"ಬಿಡ್ರಿ, ಇದಿನ್ನೂ ಕಾಯಿ ಐತಿ."